ಓಟಕ್ಕೆ ಹೆಸರು ಕೊಟ್ಟದ್ದು

ಮನೆಗೆ ಯಾರೇ ಬರಲಿ, ನನ್ನ ಹೆಂಡತಿ ಶೇಖರಮ್ಮ ನನ್ನ ಪರಿಚಯವನ್ನು ಮೂರು ಮಾತಿನಲ್ಲಿ ಮುಗಿಸುತ್ತಾಳೆ: "ನಮ್ಮನಿಯವರು ಕುಂತ್ರ ಕುಂತಂಗ." ಬಂದವರು ನಗುತ್ತಾರೆ, ಚಹಾ ಕುಡಿಯುತ್ತಾರೆ. ನಾನೂ ನಗುತ್ತೇನೆ. (ಚಹಾದಲ್ಲಿ ನನಗೂ ಪಾಲಿರುತ್ತದೆ.) ಆದರೆ ಹದಿನೇಳು ವರ್ಷ ಒಂದೇ ಮಾತಿಗೆ ನಗುವುದು ಸುಲಭವಲ್ಲ.

ನಾನು ಕಿರಾಣಿ ಅಂಗಡಿ ಕರಿಬಸಪ್ಪ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ಹನ್ನೊಂದು ಕಿಲೋಮೀಟರಿಗೆ ನಮ್ಮೂರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿರಾಣಿ ವ್ಯಾಪಾರವೇನು ಕುಣಿದಾಡಿ ಮಾಡುವಂಥದ್ದಲ್ಲ. ಬೆಲ್ಲ, ಬೇಳೆ, ಬೀಡಿಕಟ್ಟು ಎಲ್ಲವೂ ಕೂತಲ್ಲೇ ಕೈಗೆ ಸಿಗುವಂತೆ ಜೋಡಿಸಿಟ್ಟಿದ್ದೇನೆ. ನಾನು ಇದನ್ನು ವ್ಯವಸ್ಥೆ ಎನ್ನುತ್ತೇನೆ. ಶೇಖರಮ್ಮ ಬೇರೆ ಹೆಸರಿನಿಂದ ಕರೆಯುತ್ತಾಳೆ.

ತೊಂಬತ್ಮೂರನೆಯ ಇಸವಿಯ ದೀಪಾವಳಿ ಮುಗಿದ ಹೊಸತು. ಹುಣಸೆಹಣ್ಣು ಕಟ್ಟಿಕೊಡಲು ಎತ್ತಿಕೊಂಡ ಕಾಗದದ ಮೇಲೆ ಕಣ್ಣು ಬಿತ್ತು. ಸಿಂಧನೂರಿನ ಯುವಕ ಸಂಘವೊಂದರ ಕರಪತ್ರ: 'ತ್ರಿವಿಧ ಸಾಹಸ ಸ್ಪರ್ಧೆ. ಕಾಲುವೆಯಲ್ಲಿ ಮುನ್ನೂರು ಮೀಟರ್ ಈಜು, ಹನ್ನೊಂದು ಕಿಲೋಮೀಟರ್ ಸೈಕಲ್, ಮೂರು ಕಿಲೋಮೀಟರ್ ಓಟ. ಎರಡು ತಾಸಿನೊಳಗೆ ಮುಗಿಸಿದವರಿಗೆಲ್ಲ ಪ್ರಮಾಣಪತ್ರ.' ಈಜು ಸಿಂಧನೂರಿನಲ್ಲಿ, ಓಟ ಮಾತ್ರ ನಮ್ಮೂರಲ್ಲೇ, ಬಸ್‌ಸ್ಟ್ಯಾಂಡಿನಿಂದ ಊರೆಲ್ಲ ಸುತ್ತಿ ಹೈಸ್ಕೂಲ್ ಬಯಲಿಗೆ. ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಓದಿದೆ.

"ಇದಕ್ಕ ಹೆಸರು ಕೊಡ್ತೀನಿ."

"ಯಾರ ಹೆಸರು?"

"ನಂದು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶೇಖರಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಕೈಗೆ ಸಿಗೋ ಉಪ್ಪಿನ ಡಬ್ಬಿ ಕೊಡು ಅಂತ ಒಳಗಿದ್ದ ನನ್ನ ಕೂಗ್ತೀರಿ. ನೀವು ಕಾಲುವಿ ಈಜತೀರಿ?"

"ಸರ್ಟಿಫಿಕೇಟ್ ತಂದ್ರ ಏನಂತಿ?"

"ಕಟ್ಟು ಹಾಕ್ಸಿ ದೇವರ ಮಗ್ಗಲಾಗ ಇಡ್ತೀನಿ. 'ಕುಂತ್ರ ಕುಂತಂಗ' ಅನ್ನೋ ಮಾತು ಮತ್ತ ಬಾಯಾಗ ತೆಗಿಯಂಗಿಲ್ಲ. ತರಲಿಲ್ಲಂದ್ರ ಒಂದು ವರ್ಷ ನಾ ಹೇಳಿದಂಗ ಕೇಳಬೇಕು."

"ಈಗ ಕೇಳಾಕತ್ತಿಲ್ಲೇನು?"

"ಈಗ ಗೊಣಗ್ಕೋತ ಕೇಳ್ತೀರಿ. ಆವಾಗ ಗೊಣಗಂಗಿಲ್ಲ."

ಕರಾರು ಆಯಿತು. ಮರುದಿನವೇ ಸಿಂಧನೂರಿಗೆ ಹೋಗಿ ಹೆಸರು ಬರೆಸಿದೆ. ತಿರುಗಿ ಬಂದವನು ಬಸ್ಸಿಳಿದು ಜಂಬಣ್ಣನ ಹೋಟೆಲಿಗೆ ಹೋದೆ. ನನ್ನ ಬದುಕಿನ ದಿಕ್ಕು ತಪ್ಪಿದ್ದು ಅಲ್ಲೇ. ಜಂಬಣ್ಣ ಭರ್ರೆನ್ನುವ ಸ್ಟೋವಿನ ಮುಂದೆ ಮಿರ್ಚಿ ಕರಿಯುತ್ತಿದ್ದ.

"ಎತ್ತಾಗ ಹೋಗಿದ್ರಿ, ಸಾವುಕಾರ್ರ?"

"ಸಿಂಧನೂರಿಗೆ. ಓಟಕ್ಕ ಹೆಸರು ಕೊಟ್ಟು ಬಂದೆ."

ನಾನು ಹೇಳಿದ್ದು ಓಟಕ್ಕೆ. ಸ್ಟೋವಿನ ಸದ್ದಿನಲ್ಲಿ ಜಂಬಣ್ಣ ಕೇಳಿಸಿಕೊಂಡದ್ದು ಓಟಿಗೆ. ಪಂಚಾಯಿತಿ ಎಲೆಕ್ಷನ್ನಿಗೆ ಇನ್ನೊಂದು ತಿಂಗಳಿತ್ತು. ಊರೆಲ್ಲ ಓಟಿನ ಮಾತೇ. ಶಾಲೆಯಲ್ಲಿ ಚತುರ್ಥೀ ವಿಭಕ್ತಿಗಾಗಿ ಮಾಸ್ತರು ನನಗೆ ಯಾಕೆ ಅಷ್ಟು ಬಡಿದಿದ್ದರು ಎಂಬುದು ಮೂವತ್ತು ವರ್ಷದ ನಂತರ ತಿಳಿಯಿತು.

ಮರುದಿನದಿಂದ ಅಂಗಡಿಗೆ ಬಂದವರೆಲ್ಲ ಕೈಮುಗಿಯತೊಡಗಿದರು. ಕ್ರೀಡೆಗೆ ನಮ್ಮೂರಲ್ಲಿ ಇಷ್ಟು ಗೌರವವೇ ಎಂದು ನನ್ನ ಎದೆ ತುಂಬಿತು.

"ನಿಮ್ಮ ಎದುರಿಗೆ ಎಷ್ಟು ಮಂದಿ ಅದಾರ್ರಿ?" ಎಂದು ನೀರಿನ ಪಾಳಿ ಮುಗಿಸಿ ಬಂದ ಗದ್ದೆಪ್ಪ ಕೇಳಿದ.

"ಹದಿನೆಂಟು ಮಂದಿ."

"ಅಬಾಬಾ! ಹಂಗಾರ ನಿಮ್ಮ ಸೀಟು ಗಟ್ಟಿ ಐತೇನ್ರಿ?"

"ಗಟ್ಟಿ ಐತೋ ಮಾರಾಯ. ನಿನ್ನೆನ ಹೊಸಾ ಸ್ಪ್ರಿಂಗ್ ಹಾಕ್ಸೀನಿ."

ಗದ್ದೆಪ್ಪ ಇಂಥ ರಾಜಕಾರಣ ತನಗೆ ತಿಳಿಯದೆಂದು ಬೀಡಿ ತೆಗೆದುಕೊಂಡು ಹೋದ.

ಸ್ಪರ್ಧೆಯ ದಿನ ಶನಿವಾರ. ಏಳಕ್ಕೆಂದು ಕರೆದಿದ್ದರು, ಉದ್ಘಾಟಕರು ಬಂದದ್ದು ಹನ್ನೊಂದಕ್ಕೆ. ಹತ್ತೊಂಬತ್ತು ಮಂದಿ ಚಡ್ಡಿಯಲ್ಲಿ ನಿಂತು ಅವರ ಭಾಷಣ ಕೇಳಿದೆವು. ಆಮೇಲೆ ಸೀಟಿ ಊದಿದರು, ನೀರಿಗೆ ಬಿದ್ದೆವು. ನಾನು ಈಜಿದೆ ಎಂದರೆ ಸುಳ್ಳಾಗುತ್ತದೆ. ಕೆಳಗಿನ ಗದ್ದೆಗಳಿಗೆ ಹೊರಟಿದ್ದ ನೀರಿನ ಜೊತೆ ನಾನೂ ಹೊರಟೆ, ಅಷ್ಟೇ. ಮುನ್ನೂರು ಮೀಟರಿಗೆ ಹಗ್ಗ ಕಟ್ಟಿದ್ದರು. ನಾನು ಅದನ್ನು ಹಿಡಿಯದೆ ಇನ್ನೂ ನೂರು ಮೀಟರ್ ಹೋಗಿ, ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳ ನಡುವೆ ದಡ ಸೇರಿದೆ. ಅವರು ನನ್ನನ್ನು ಕಂಡು ಎದ್ದು ಓಡಿದರು. ನಾನೂ ಸೈಕಲ್ಲಿನ ಕಡೆ ಓಡಿದೆ.

ಸೈಕಲ್ಲು ಅಂಗಡಿಯದು, ಸಕ್ಕರೆ ಮೂಟೆ ಹೊತ್ತು ರೂಢಿಯಾದದ್ದು. ರಸ್ತೆಯ ಅರ್ಧಕ್ಕೆ ಭತ್ತ ಒಣಗಹಾಕಿದ್ದರು. ಉಳಿದರ್ಧದಲ್ಲಿ ಲಾರಿಗಳು. ಆದರೂ ನಮ್ಮೂರ ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಇನ್ನೂ ನಲವತ್ತು ನಿಮಿಷ ಕೈಯಲ್ಲಿದ್ದವು. ಮೂರು ಕಿಲೋಮೀಟರ್ ನಡೆದರೂ ಸರ್ಟಿಫಿಕೇಟ್ ನನ್ನದೇ. ನಿಜ ಹೇಳುತ್ತೇನೆ, ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಸೈಕಲ್ ಇಟ್ಟು ಹತ್ತು ಹೆಜ್ಜೆ ಓಡಿರಲಿಲ್ಲ, ಹಲಗೆ ಬಡಿಯತೊಡಗಿದರು. ಜಂಬಣ್ಣ ಚೆಂಡುಹೂವಿನ ಹಾರ ತಂದು ನನ್ನ ಒದ್ದೆ ಬನಿಯನ್ನಿನ ಮೇಲೆ ಹಾಕಿದ. ಆದೆಮ್ಮ ಎಂಬ ಮುದುಕಿ ರಸ್ತೆಗೆ ಅಡ್ಡ ಬಂದು ಕೈ ಹಿಡಿದಳು.

"ಯಪ್ಪಾ, ನಮ್ಮ ಓಣ್ಯಾಗ ನಳ ಇಲ್ಲ."

"ಆತಬೇ, ಆತು. ಕೈ ಬಿಡು."

"ಹಾಕ್ಸತೀಯಿಲ್ಲೋ?"

"ಹಾಕ್ಸತೀನಿ, ಬಿಡು!"

ಜನ ಚಪ್ಪಾಳೆ ತಟ್ಟಿದರು. ಮುಂದಿನ ಓಣಿಯಲ್ಲಿ ಗದ್ದೆಪ್ಪ ಗಟಾರ ತೋರಿಸಿದ. ಅದಕ್ಕೂ ಆತು ಎಂದೆ. ಆಮೇಲೆ ಬೀದಿ ದೀಪ, ಅದರಾಚೆ ಸುಡುಗಾಡಿನ ದಾರಿ. ಎಲ್ಲರ ಮನೆಯ ಮುಂದೂ ಚಹಾ. ಮನೆ ಬಾಗಿಲಲ್ಲಿ ಕೊಟ್ಟ ಚಹಾ ಬೇಡ ಎಂದರೆ ನಮ್ಮ ಕಡೆ ಅದು ಜಗಳ. ಐದು ಕಪ್ಪು ಕುಡಿದೆ. ಇಪ್ಪತ್ತೈದು ನಿಮಿಷ ಹೋದವು. ಅಷ್ಟರಲ್ಲಿ ಜಂಬಣ್ಣ, "ನಮ್ಮ ಓಣಿ ಮೆಂಬರ್ ಯಾರು?" ಎಂದು ಕೂಗಿದ. ಆಗ ನನಗೆ ಹೊಳೆಯಿತು.

"ಓಟು ಅಲ್ರೋ!" ಎಂದು ಕಿರುಚಿದೆ. "ಓಟ! ಓಟ!"

"ಕರಿಬಸಪ್ಪಗ ಓಟು!" ಎಂದು ಇಡೀ ಓಣಿ ಕೂಗಿತು.

"ನನ್ನ ಬಿಡ್ರಪಾ, ಟೈಮ್ ಇಲ್ಲ, ಹೈಸ್ಕೂಲಿಗೆ ಹೋಗಬೇಕು!"

"ಸಾವುಕಾರ್ರಿಗೆ ದಣಿವಾಗೇತಿ, ಎತ್ರಲೇ!" ಎಂದ ಜಂಬಣ್ಣ.

ಇಬ್ಬರು ಹಮಾಲರು ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಓಡಿದರು. ನಾನು ಒದ್ದೆ, ಬೈದೆ, ಬೇಡಿಕೊಂಡೆ. ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಹೈಸ್ಕೂಲ್ ಬಯಲಿನ ಸುಣ್ಣದ ಗೆರೆಯನ್ನು ನಾವು ಮೂವರು ದಾಟಿದಾಗ ಇನ್ನೂ ಐದು ನಿಮಿಷ ಉಳಿದಿತ್ತು.

ಗಡಿಯಾರ ಹಿಡಿದಿದ್ದ ಶಾವಲಿ ಮಾಸ್ತರು ನನ್ನನ್ನು ನೋಡಿದರು, ಹಮಾಲರ ಕಾಲುಗಳನ್ನು ನೋಡಿದರು.

"ಓಡಬೇಕು ಅಂತ ಬರದೈತಿ, ಕರಿಬಸಪ್ಪನೋರ. ನಿಮ್ಮ ಕಾಲು ನೆಲಕ್ಕ ಹತ್ತಿಲ್ಲ. ಓಡಿದೋರು ಇವರು, ಇವರು ಹೆಸರು ಕೊಟ್ಟಿಲ್ಲ. ಯಾರಿಗಂತ ಸರ್ಟಿಫಿಕೇಟ್ ಕೊಡ್ಲಿ?"

ಗೆರೆಯ ಪಕ್ಕದಲ್ಲೇ ಶೇಖರಮ್ಮ ನಿಂತಿದ್ದಳು.

"ಓಟದಾಗೂ ಕುಂತ ಬಂದ್ರೇನ್ರಿ?" ಎಂದಳು.

ಬಯಲೇ ನಕ್ಕಿತು. ನನಗೆ ಅಳು ಬಂತು. ಬೆವರು ಒರೆಸುವ ನೆಪದಲ್ಲಿ ಹಾರದಿಂದ ಕಣ್ಣೊರೆಸಿಕೊಂಡೆ. ಚೆಂಡುಹೂವು ಕಣ್ಣಿಗೆ ಉರಿಯುತ್ತದೆಂದು ಆಗ ತಿಳಿಯಿತು.

ಅಷ್ಟರಲ್ಲಿ ಪಂಚಾಯಿತಿ ಸೆಕ್ರೆಟರಿ ಗೋಪಣ್ಣ ಕಾಗದ ಹಿಡಿದು ಬಂದ. "ಮೆರವಣಿಗಿ ಆತು, ಹೆಸರ ಇಲ್ಲಲ್ರಿ ಪಟ್ಟಿಯಾಗ! ಅದೂ ಅಲ್ದ, ನಿಮ್ಮ ಓಣಿ ಸೀಟು ಈ ಸಲ ಹೆಣ್ಮಕ್ಕಳಿಗೆ ಮೀಸಲೈತಿ. ಬೋರ್ಡಿಗೆ ಹಚ್ಚೀನಿ, ಒಬ್ಬರೂ ಓದಿಲ್ಲ."

ಆದೆಮ್ಮ ಶೇಖರಮ್ಮನ ಸೆರಗು ಹಿಡಿದಳು. "ನಿನ ಗಂಡ ನಳ ಹಾಕ್ಸತೀನಿ ಅಂದಾನವ್ವ. ಈಗ ಹೆಂಗ?"

ಶೇಖರಮ್ಮ ನನ್ನ ಕೊರಳಿನ ಹಾರ ತೆಗೆದು ತಾನೇ ಹಾಕಿಕೊಂಡಳು.

"ಮನಿಯವರು ಕೊಟ್ಟ ಮಾತು ನಾ ಮುಳುಗಸಂಗಿಲ್ಲಬೇ. ಅರ್ಜಿ ಕೊಡಾಕ ಕಡೀ ದಿನ ಯಾವುದು, ಗೋಪಣ್ಣ?"

"ಇವತ್ತ, ಯಕ್ಕಾ. ಸಿಂಧನೂರಾಗ, ಮೂರು ಗಂಟೆ ಒಳಗ."

ಗೋಪಣ್ಣ ಕೊಟ್ಟ ಅರ್ಜಿ ತುಂಬಿ, ಸಹಿ ಹಾಕಿ ನನ್ನ ಕೈಗಿಟ್ಟಳು. ನಾನು ಬಾಯಿ ತೆರೆದೆ. "ಗೊಣಗಂಗಿಲ್ಲ" ಎಂದಳು.

ಮೆರವಣಿಗೆ ಕಂಡ ಒಂದರ ಬಸ್ಸು ನಿಲ್ಲದೆ ಹೋಗಿಬಿಟ್ಟಿತ್ತು. ಮತ್ತೆ ಸೈಕಲ್ ಹತ್ತಿದೆ. ಆರು ಕಿಲೋಮೀಟರಿಗೆ ಪಂಕ್ಚರ್. ಸೈಕಲ್ಲನ್ನು ಒಂದು ಕಣದಲ್ಲಿ ಚೆಲ್ಲಿ, ಅರ್ಜಿಯನ್ನು ಬನಿಯನ್ನಿನೊಳಗೆ ತುರುಕಿ ಓಡಿದೆ. ಐದು ಕಿಲೋಮೀಟರ್, ಸ್ವಂತ ಕಾಲಿನ ಮೇಲೆ, ಎಲ್ಲಿಯೂ ನಿಲ್ಲದೆ. ಕಚೇರಿ ಮುಟ್ಟಿದಾಗ ಮೂರಕ್ಕೆ ಎಂಟು ನಿಮಿಷವಿತ್ತು. ದಾರಿಯಲ್ಲಿ ನೋಡಿದವರೆಂದರೆ ಎಮ್ಮೆಗಳು.

ಆಮೇಲೆ ನನ್ನ ಮೊಣಕಾಲು ಬಾತು ಸೋರೆಕಾಯಿಯಾದವು. ಎಲೆಕ್ಷನ್ ಮುಗಿಯುವವರೆಗೂ ನಾನು ಗಲ್ಲಾಪೆಟ್ಟಿಗೆ ಬಿಟ್ಟು ಏಳಲಿಲ್ಲ. ಶೇಖರಮ್ಮ ಮನೆಮನೆ ತಿರುಗಿ ನಲವತ್ತೊಂದು ಓಟಿನಿಂದ ಗೆದ್ದಳು. ನಮ್ಮ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೈಮುಗಿದು ಭಾಷಣವನ್ನೂ ಮಾಡಿದಳು.

"ಎಲ್ಲಾರೂ ನನ್ನ ಸಲುವಾಗಿ ಓಡ್ಯಾಡೀರಿ. ನಮ್ಮನಿಯವರೊಬ್ಬರ ಕುಂತ ಜಾಗ ಬಿಟ್ಟು ಏಳಲಿಲ್ಲ. ಅವರದೂ ಆಶೀರ್ವಾದ ಐತಿ ಅಂದ್ಕೊಂತೀನಿ."

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ನಾನೂ ಕೂತಲ್ಲಿಂದಲೇ ತಟ್ಟಿದೆ.