ಇಬ್ಬರ ಕಾರು

ಮದುವೆಯಾಗಿ ಆರು ತಿಂಗಳಾದರೂ ಗಂಡ ಹೆಂಡತಿ ಒಂದೇ ಒಂದು ಮಾತನ್ನು ಪೂರ್ತಿ ಆಡಿ ಮುಗಿಸಿಲ್ಲವೆಂದರೆ, ಯಾರೋ ಒಬ್ಬರು ಮುನಿಸಿಕೊಂಡಿರಬೇಕು ಎಂದು ನೀವು ತಿಳಿಯುತ್ತೀರಿ. ಜಹೀರಾಬಾದಿನ ನರೇಶನಿಗೂ, ಸಿರ್ಗಾಪುರದಿಂದ ಬಂದ ಅವನ ಹೆಂಡತಿ ರಜನಿಗೂ ಆ ಭಾಗ್ಯವೂ ಇರಲಿಲ್ಲ. ಮುನಿಸಿಕೊಳ್ಳುವುದಕ್ಕಾದರೂ ಒಂದು ಮೂಲೆ ಬೇಡವೆ? ಎರಡು ಕೋಣೆಯ ಆ ಮನೆಯಲ್ಲಿ ಅಪ್ಪ ತುಳಸಿರಾಮರು, ಅವ್ವ ಭೂದೇವಿ, ಮತ್ತು ಎಲ್ಲರೂ ‘ಆಯಿ’ ಎಂದು ಕರೆಯುವ ಅಜ್ಜಿ. ಗೋಡೆಯಾಚೆ ಅಕ್ಕ ಧಮ್ಮಶೀಲಾ, ಭಾವ ಜೈಪಾಲ, ಅವರ ಮೂರು ಮಕ್ಕಳು. ಗೋಡೆ ಎಂಬುದು ಬರೀ ಹೆಸರಿಗೆ. ಆಚೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಈಚೆ ಮನೆಯವರು ಸೀನುತ್ತಿದ್ದರು.

ಒಮ್ಮೆ ನರೇಶ ಧೈರ್ಯ ಮಾಡಿ, ಸೊಳ್ಳೆಗೂ ಕೇಳಿಸದಷ್ಟು ಮೆಲ್ಲಗೆ, “ರಜನಿ, ಈ ಸೀರ್ಯಾಗ ನೀ ಭಾಳ ಛಂದ ಕಾಣ್ತಿ” ಎಂದ.

“ಅದು ನಾ ಕೊಡಿಸಿದ್ದು!” ಎಂದು ಅಡುಗೆಮನೆಯಿಂದ ಅವ್ವ.

“ಫಾಲ್ ಹಚ್ಚಿಲ್ಲ ಅದಕ್ಕ” ಎಂದು ಪಡಸಾಲೆಯಿಂದ ಆಯಿ. (ಹತ್ತು ವರ್ಷದಿಂದ ಗುಡುಗು ಕೂಡ ಕೇಳಿಸದ ಮುದುಕಿ!)

“ಎಷ್ಟಕ್ಕ ಬಂತವ್ವ ಅದು?” ಎಂದು ಗೋಡೆಯಾಚೆಯಿಂದ ಅಕ್ಕ.

ನರೇಶನ ಪ್ರೇಮಾಲಾಪ ಅಲ್ಲಿಗೆ ಸಮಾಪ್ತಿಯಾಯಿತು.

ಹೊರಗೆ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಮೋಟರ್ ಸೈಕಲ್ ಇತ್ತು. ಆದರೆ ಅದು ಅಂಗಳ ದಾಟುವುದರೊಳಗೆ ಟ್ಯಾಂಕಿನ ಮೇಲೆ ಅಕ್ಕನ ಮಗ, ಇಬ್ಬರ ನಡುವೆ ಗಿರಣಿಗೆ ಹೋಗುವ ಜೋಳದ ಚೀಲ ಬಂದು ಕೂತಿರುತ್ತಿದ್ದವು. ಬಸ್ಸಿನಲ್ಲಿ ಹೋದರೆ ಇನ್ನೂ ಕಷ್ಟ. ತುಳಸಿರಾಮರು ಮೂವತ್ತೆರಡು ವರ್ಷ ಜಹೀರಾಬಾದ್–ನಾರಾಯಣಖೇಡ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. “ತುಳಸಿರಾಮಣ್ಣನ ಸೊಸಿ ಅಲ್ಲೇನವ್ವ? ಬಾ, ಇಲ್ಲಿ ಕೂಡು” ಎಂದು ಈಗಿನ ಕಂಡಕ್ಟರುಗಳು ರಜನಿಯನ್ನು ಹೆಂಗಸರ ಸೀಟಿನಲ್ಲಿ ಹುದುಗಿಸಿ, ನರೇಶನನ್ನು ಕೊನೆಯ ಸೀಟಿಗೆ ಗಡಿಪಾರು ಮಾಡುತ್ತಿದ್ದರು.

ಹೀಗಿರುವಾಗ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ತಪಾಸಣೆ ಮಾಡುತ್ತಿದ್ದ ನರೇಶನ ಕಣ್ಣ ಮುಂದೆ ಒಂದು ದಿನ ದಿವ್ಯ ಪ್ರಕಾಶವೊಂದು ಮೂಡಿತು: ಕಾರು! ಹಳೆಯದಾದರೂ ಸರಿ, ನಾಲ್ಕು ಬಾಗಿಲು, ನಾಲ್ಕು ಗಾಜು. ಗಾಜು ಏರಿಸಿಕೊಂಡರೆ ಒಳಗಿನ ಮಾತು ಒಳಗೇ. ಆತ ಗುಟ್ಟಾಗಿ ಡ್ರೈವಿಂಗ್ ಕಲಿತ. ಲೈಸೆನ್ಸ್ ಬಂದ ದಿನ ರಜನಿಯ ಕಿವಿಯಲ್ಲಿ, “ಮೊದಲ ಆಯ್ತವಾರ ಕೊಹೀರ್ ಕಡಿ ಹೋಗೋಣು. ಒಂದು ಬೇವಿನ ಗಿಡದ ಕೆಳಗ ಗಾಡಿ ನಿಂದ್ರಸಿ, ಪೇರಲಹಣ್ಣು ತಿಂತ, ಬರೇ ಮಾತಾಡೋಣು” ಎಂದ. ಆರು ತಿಂಗಳ ಮಾತು ಕೂಡಿಟ್ಟಿದ್ದ ರಜನಿ ಕಣ್ಣರಳಿಸಿದಳು.

ಮನೆಯಲ್ಲಿ ಕಾರಿನ ಸುದ್ದಿ ಹಬ್ಬಿತು. ತಾಂಡೂರಿನಿಂದ ಹಾಸುಗಲ್ಲು ತರುವ ಸಾಮಾನು ಆಟೋ ಓಡಿಸುವ ಜೈಪಾಲ ಭಾವ ಆಗಲೇ ಒಂದನ್ನು ಹುಡುಕಿಟ್ಟಿದ್ದ. “ತಾಂಡೂರಿನ ಕಲ್ಲಿನ ವ್ಯಾಪಾರಿ ವೀರಪ್ಪ ಸಾವುಕಾರ್ರದು ಒಂದು ಅಂಬಾಸಿಡರ್ ಅದ. ಅವರ ಅಂಗಳದಾಗ ರಾಜನಂಗ ನಿಂತದ.” ಇನ್ನೊಂದನ್ನು ನರೇಶ ತಾನೇ ಪತ್ತೆ ಹಚ್ಚಿದ್ದ: ನಾರಾಯಣಖೇಡದ ನಿವೃತ್ತ ಶಿಕ್ಷಕಿ ಜಗದೇವಿಯವರ ಹಳೆಯ ಮಾರುತಿ, ಅತಿ ಸಣ್ಣದು.

ಮೊದಲು ತಾಂಡೂರು. ಜೊತೆಗೆ ತುಳಸಿರಾಮರು.

ಅಂಬಾಸಿಡರ್ ಅನ್ನು ಕಂಡ ಕೂಡಲೆ ನರೇಶ ಅದಕ್ಕೆ ಒಂದು ಪ್ರದಕ್ಷಿಣೆ ಹಾಕಿದ. ಬೆಳ್ಳಗೆ, ದುಂಡಗೆ, ಊಟ ಮುಗಿಸಿ ಕೂತ ಜಮೀನ್ದಾರನ ಹಾಗಿತ್ತು. “ಇದು ಗಾಡಿ ಅಲ್ಲಪ್ಪ, ಖಾನ್ದಾನ ಅದ” ಎಂದರು ವೀರಪ್ಪನವರು. “ನನ್ನ ಲಗ್ನದ ಮೆರವಣಿಗಿ ಇದ್ರಾಗೇ ಆಗ್ಯಾದ, ನನ್ನ ಮಗಂದೂ ಇದ್ರಾಗೇ. ನೀ ಒಂದ್ಸಲ ಹೊಡದು ನೋಡು.”

ನರೇಶ ಹೊಡೆದು ನೋಡಿದ. ಕಾರಿನ ಮೂಗು ರೈಲ್ವೆ ಸ್ಟೇಶನ್ನು ಮುಟ್ಟಿದಾಗ ಬಾಲ ಇನ್ನೂ ವೀರಪ್ಪನವರ ಅಂಗಳದಲ್ಲೇ ಇತ್ತು. ಎಡಕ್ಕೆ ತಿರುಗಬೇಕೆಂದು ಸ್ಟೀರಿಂಗಿಗೆ ಇಲ್ಲಿ ಅರ್ಜಿ ಹಾಕಿದರೆ ಮುಂದಿನ ಚೌರಸ್ತೆಯಲ್ಲಿ ಮಂಜೂರಾಗುತ್ತಿತ್ತು. ಆದರೆ ಆ ಗಾಂಭೀರ್ಯ! ಸಿಮೆಂಟಿನ ಲಾರಿಯವನು ಬದಿಗೆ ಸರಿದು ಸಲಾಮು ಹೊಡೆದ. ತೊಗರಿ ಮಾರ್ಕೆಟ್ಟಿನ ಹಮಾಲರು ಚೀಲ ಇಳಿಸಿ ಎದ್ದು ನಿಂತರು. ತಾನು ಯಾವುದೋ ಇಲಾಖೆಯ ಮಂತ್ರಿಯೇ ಇರಬೇಕೆಂದು ನರೇಶನಿಗೂ ಅನುಮಾನ ಬಂತು. ಇದನ್ನೇ ತಗೊಂಡುಬಿಡಲೇ ಎಂದು ಮನಸ್ಸು ಪೂರಾ ಜಾರಿತ್ತು.

ಆಗ ಹಿಂದಿನ ಸೀಟಿನಿಂದ ಅಪ್ಪನ ದನಿ ಕೇಳಿತು. “ಮುಂದ ನಾಕು, ಹಿಂದ ಆರು. ಡಿಕ್ಕಿ ತೆರದ್ರ ಹುಡುಗ್ರು ಐದು. ಹದಿನೈದು ಮಂದಿ ಆರಾಮ ಕೂಡ್ತಾರ. ನಿಂತವರ್ನ ನಾ ಲೆಕ್ಕಕ್ಕ ಹಿಡಿದಿಲ್ಲ ಮತ್ತ.”

“ಅಪ್ಪಾ, ಕಾರಿನ್ಯಾಗ ಯಾರೂ ನಿಂದ್ರಲ್ಲ!”

“ನಿಂದ್ರಸೋರು ಇರಬೇಕಲೋ ತಮ್ಮಾ.”

ನರೇಶನ ಮಂತ್ರಿಗಿರಿ ಅಲ್ಲೇ ಇಳಿಯಿತು. ಹದಿನೈದು ಮಂದಿ! ಇದನ್ನು ಕೊಂಡರೆ ಬೇವಿನ ಮರದ ಕೆಳಗೆ ಇಳಿಯುವುದು ಗಂಡ ಹೆಂಡತಿಯಲ್ಲ, ಒಂದು ದಿಬ್ಬಣ.

ಮರುವಾರ ಯಾರಿಗೂ ಹೇಳದೆ ಒಬ್ಬನೇ ನಾರಾಯಣಖೇಡಕ್ಕೆ ಹೋದ. ಜಗದೇವಿ ಟೀಚರ್ ಅವರ ಮಾರುತಿ ಇಪ್ಪತ್ತು ವರ್ಷದಲ್ಲಿ ಮನೆ ಮತ್ತು ಶಾಲೆ ಬಿಟ್ಟು ಮೂರನೆಯ ಜಾಗ ಕಂಡಿರಲಿಲ್ಲ. ಸೀಟುಗಳಿಗೆ ಕ್ರೋಶಾ ಹೆಣಿಗೆಯ ಹೊದಿಕೆ. ಅದು ಎಷ್ಟು ಸಣ್ಣದೆಂದರೆ, ಅದರೊಳಗೆ ಕೂರುವುದು ಎನ್ನುವುದಕ್ಕಿಂತ ಅದನ್ನು ತೊಟ್ಟುಕೊಳ್ಳುವುದು ಎಂದರೆ ಸರಿ. ನರೇಶ ಉದ್ದನೆಯ ಆಳು. ಒಳಗೆ ಹೊಕ್ಕಾಗ ಅವನ ಎರಡು ಮೊಣಕಾಲು ಎರಡು ಕಿವಿಗೆ ತಾಗಿದವು. ಅವನಿಗೆ ಸಂತೋಷವಾಯಿತು. ಇಂಥದರಲ್ಲಿ ಎರಡು ಜೀವ ಹಿಡಿದರೆ ಅದೇ ದೊಡ್ಡದು!

ಟೀಚರ್ ಕೀಲಿ ಕೈಯಲ್ಲಿ ಹಿಡಿದು ಅವನನ್ನು ಎದುರಿಗೆ ನಿಲ್ಲಿಸಿಕೊಂಡರು. “ಕೈ ಕಟ್ಟು. ಹಾಂ. ಗಾಡಿ ಒಳಗ ಎಲಿ ಅಡಕಿ ತಿಂತೀಯೇನು?”

“ಇಲ್ರೀ ಟೀಚರ್.”

“ಗಾಡಿಗಿ ಬೈತೀಯೇನು? ಬೈದ್ರ ಅದು ಮನಸ್ಸಿಗೆ ಹಚ್ಕೋತದ.”

“ಇಲ್ರೀ.”

“ಎಷ್ಟು ಮಂದಿ ಕೂಡೋರು?”

“ಇಬ್ಬರೇ ರೀ.”

ಟೀಚರ್ ಕನ್ನಡಕದ ಮೇಲಿಂದ ನೋಡಿದರು. “ಖರೇ ಹೇಳು.”

“ಖರೇ ರೀ ಟೀಚರ್. ಲಗ್ನ ಆಗಿ ಆರು ತಿಂಗಳಾತು. ಮನ್ಯಾಗ ಹೆಂಡತಿ ಜೋಡಿ ಮಾತಾಡಾಕ ಜಗಾ ಇಲ್ರೀ.” ಹೇಳುತ್ತ ಹೇಳುತ್ತ ನರೇಶನ ಕಿವಿ ಬ್ಯಾಡಗಿ ಮೆಣಸಿನಕಾಯಿಯಾದವು.

ಟೀಚರ್ ಕೀಲಿಯನ್ನು ಅವನ ಅಂಗೈಗೆ ಹಾಕಿದರು. “ಪಾಸ್” ಎಂದರು.

ಇನ್ನು ಮನೆಯವರನ್ನು ಒಪ್ಪಿಸಬೇಕು. ಮನೆಯಲ್ಲಿ ಮಹಾಸಭೆ ಸೇರಿತು.

“ಅಷ್ಟು ದೊಡ್ಡ ಗಾಡಿ ಬಿಟ್ಟು ಈ ಬೆಂಕಿಪೊಟ್ಟಣ ತರ್ತೀಯೇನೋ? ಆಯಿಗೆ ಎಲ್ಲಿ ಜಗಾ?” ಎಂದು ಅವ್ವ.

“ಇದು ಎಣ್ಣಿ ಕಮ್ಮಿ ಕುಡೀತದವ್ವ.”

“ನೀ ಚಾ ಕಮ್ಮಿ ಕುಡಿ, ಅದಕ್ಕ ಹಾಕು” ಎಂದು ಆಯಿ.

ಕೊನೆಗೆ ತುಳಸಿರಾಮರು ಸೊಸೆಯ ಕಡೆ ತಿರುಗಿದರು. “ನೀ ಹೇಳವ್ವ ರಜನಿ. ಯಾವುದು?”

ರಜನಿ ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಬಹಳ ವಿನಯದಿಂದ, “ನಂಗೇನು ತಿಳೀತದ್ರಿ ಮಾಮಾ. ಆದ್ರ ದೊಡ್ಡದು ನಮ್ಮ ಗಲ್ಲ್ಯಾಗ ತಿರಗಲ್ಲ. ತಿರಗಸಬೇಕಂದ್ರ ಎದುರಿನ ಎರಡು ಮನಿ ಒಡೀಬೇಕಾಗ್ತದ” ಎಂದಳು.

ಗಲ್ಲಿಯ ಸತ್ಯ ಯಾರಿಂದಲೂ ಅಲ್ಲಗಳೆಯಲಾಗಲಿಲ್ಲ. ಮಾರುತಿ ಬಂತು. ನರೇಶ ಹೆಂಡತಿಯ ಬುದ್ಧಿಗೆ ಮನಸ್ಸಿನಲ್ಲೇ ಹಾರ ಹಾಕಿದ. ಆದರೆ ತುಳಸಿರಾಮರು ಶನಿವಾರ ಸಂಜೆ ಆ ಕಾರಿನ ಸುತ್ತ ಮೂರು ಸಲ ಬಂದು, ಬಾಗಿಲು ತೆಗೆದು, ಸೀಟನ್ನು ಗೇಣು ಹಾಕಿ ಅಳೆದು, ಬೆರಳು ಮಡಚುತ್ತ ತಮ್ಮೊಳಗೇ ಏನೋ ಗೊಣಗಿಕೊಂಡದ್ದನ್ನು ಅವನು ಗಮನಿಸಲಿಲ್ಲ.

ಆಯ್ತವಾರ ಬೆಳಿಗ್ಗೆ ನರೇಶ ಇಸ್ತ್ರಿ ಅಂಗಿ ತೊಟ್ಟು, ರಜನಿ ಆ ಸೀರೆಯನ್ನೇ ಉಟ್ಟು (ಈಗ ಫಾಲ್ ಹಚ್ಚಿತ್ತು) ಹೊರಗೆ ಬಂದರೆ, ಕಾರಿನ ಮುಂದೆ ಹನ್ನೊಂದು ಮಂದಿ ಸಾಲುಗಟ್ಟಿ ನಿಂತಿದ್ದರು. ಅಪ್ಪ, ಅವ್ವ, ಆಯಿ, ಅಕ್ಕ, ಭಾವ, ಮೂರು ಮಕ್ಕಳು, ಹಿಂದಿನ ಗಲ್ಲಿಯ ಇಬ್ಬರು ಚಿಗವ್ವಂದಿರು, ಮತ್ತು ಯಾರೆಂದು ನರೇಶನಿಗೆ ಇಂದಿಗೂ ಗೊತ್ತಾಗದ ಒಬ್ಬ ಹೆಣ್ಣುಮಗಳು.

“ನಾರಾಯಣಖೇಡದಾಗ ನಮ್ಮ ಕಾಕಾನ ಮಗ ಧಮ್ಮಪಾಲನ ಮೊಮ್ಮಗನ ತೊಟ್ಟಲ ಕಾರ್ಯ ಅದ. ಎಲ್ಲಾರೂ ಹೋಗೋದು” ಎಂದರು ತುಳಸಿರಾಮರು.

“ಅಪ್ಪಾ, ಇದ್ರಾಗ ನಾಕೇ ಮಂದಿ ಹಿಡೀತಾರ!”

“ಯಾರಿಗಿ ಹೇಳ್ಲಾಕತ್ತಿ ನೀ ಅದನ್ನ?”

ಮುಂದೆ ನಡೆದದ್ದು ಒಂದು ಕಲಾಪ್ರದರ್ಶನ. ಈ ಮನುಷ್ಯ ಐವತ್ತು ಸೀಟಿನ ಬಸ್ಸಿನಲ್ಲಿ ನೂರಿಪ್ಪತ್ತು ಮಂದಿ, ಹದಿನಾರು ಕೋಳಿ ಮತ್ತು ಒಂದು ಹೊಲಿಗೆ ಮಶಿನ್ ಸಾಗಿಸಿದವರು. ಅವರ ಬಸ್ಸಿನಲ್ಲಿ ಜಹೀರಾಬಾದಿನಲ್ಲಿ ಬೆನ್ನು ಕೆರೆದುಕೊಳ್ಳಲು ಶುರು ಮಾಡಿದವನಿಗೆ, ತಾನು ಕೆರೆಯುತ್ತಿರುವುದು ಪಕ್ಕದವನ ಬೆನ್ನು ಎಂದು ತಿಳಿಯುತ್ತಿದ್ದದ್ದು ನಾರಾಯಣಖೇಡದಲ್ಲಿ. ಅವರಿಗೆ ಮಾರುತಿ ಯಾವ ಲೆಕ್ಕ?

“ಮೊದಲ ದಪ್ಪನವರು. ಸಣ್ಣಚಿಗವ್ವ, ನೀ ಅಡ್ಡ ಕೂಡು. ದೊಡ್ಡಚಿಗವ್ವ, ನೀ ಉದ್ದ ಕೂಡು. ನಡುವ ಸಂದ್ಯಾಗ ಹುಡುಗ್ರು ಇಳೀರಿ. ಹಾಂ, ಇನ್ನು ಕೇಳ್ರಿ. ಎಲ್ಲಾರೂ ಒಂದೇ ಸಲ ಉಸಿರು ತಗೋಬ್ಯಾಡ್ರಿ. ಎಡಗಡಿಯವರು ಒಳಗ ತಗೊಂಡಾಗ ಬಲಗಡಿಯವರು ಹೊರಗ ಬಿಡ್ರಿ!”

ಹತ್ತು ಮಂದಿ ಹೊಕ್ಕರು. ನರೇಶ ಸ್ಟೀರಿಂಗಿನ ಮುಂದೆ, ರಜನಿ ಆಯಿಯ ತೊಡೆಯ ಮೇಲೆ. ಹೊರಗುಳಿದವನು ಜೈಪಾಲ ಒಬ್ಬನೇ, ಒಣಗಿದ ನುಗ್ಗೆಕಾಯಿಯಂಥ ಆಳು. ತುಳಸಿರಾಮರು ಮುಂದಿನ ಬಾಗಿಲಿಂದ ಕತ್ತು ಹೊರಗೆ ಚಾಚಿ ಒಮ್ಮೆ ಜೈಪಾಲನನ್ನು, ಒಮ್ಮೆ ಮಗನ ಉದ್ದ ಮೊಣಕಾಲುಗಳನ್ನು ನೋಡಿದರು.

“ನರೇಶಾ, ಇಳಿ.”

“ನಾ ಯಾಕ ಇಳೀಲಿ? ನಾ ಡ್ರೈವರ್!”

“ನೀ ಇಬ್ಬರ ಜಗಾ ತಿಂತಿ. ಜೈಪಾಲ ಹೊಡೀತಾನ. ರಜನಿ, ನೀನೂ ಇಳಿಯವ್ವ, ಆಯಿ ಮಂಡಿ ನೋಯ್ತಾವಂತ.”

“ಅಪ್ಪಾ, ಕಾರು ನಂದು!”

“ಕಾರು ನಿಂದೇ ಅದ. ಸೀಟಿನ ಹುಕುಂ ನಂದು.”

ಬಾಗಿಲುಗಳು ಮುಚ್ಚಿದವು. (ಒಳಗಿನಿಂದಲ್ಲ, ಗಲ್ಲಿಯ ನಾಲ್ಕು ಜನ ಹೊರಗಿನಿಂದ ಒತ್ತಿದ ಮೇಲೆ.) ಕಾರು ಹೊರಟಿತು. ಕಿಟಕಿಯಿಂದ ಹೊರಬಂದಿದ್ದ ಆರೇಳು ಕೈಗಳ ನಡುವಿನಿಂದ ಎಲ್ಲಿಂದಲೋ ಅವ್ವನ ದನಿ ಬಂತು. “ಬರೂದ್ರಾಗ ಹನ್ನೊಂದು ಮಂದಿಗಿ ರೊಟ್ಟಿ ಮಾಡಿಡ್ರಿ!”

ನರೇಶ ಗಲ್ಲಿಯ ನಡುವೆ ನಿಂತೇ ಇದ್ದ. ನಾಲ್ಕು ತಿಂಗಳ ಡ್ರೈವಿಂಗ್ ಶಾಲೆ, ಅಂಬಾಸಿಡರಿನ ಆ ಸಲಾಮು, ಟೀಚರ್ ಎದುರು ಕೈ ಕಟ್ಟಿದ್ದು, ಎಲ್ಲವೂ ಹೊಗೆಯಾಗಿ ಹೋಗಿತ್ತು. ಅಳುವುದೊಂದೇ ಬಾಕಿ.

ರಜನಿ ಬಾಗಿಲಲ್ಲಿ ನಿಂತು ಕರೆದಳು. “ಏನ್ರೀ, ಇಲ್ಲಿ ಬರ್ರಿ ಜರಾ. ಮನ್ಯಾಗ ಏನೋ ಆಗ್ಯಾದ.”

ಗಾಬರಿಯಿಂದ ಒಳಗೆ ಬಂದ. “ಏನಾಗ್ಯಾದ?”

“ಏನೂ ಕೇಳಿಸವಲ್ದು.”

ಹೌದು. ಇಬ್ಬರೂ ಕಿವಿಗೊಟ್ಟು ನಿಂತರು. ಗೋಡೆಯಾಚೆ ಸದ್ದಿಲ್ಲ. ಪಡಸಾಲೆಯಲ್ಲಿ ಕೆಮ್ಮಿಲ್ಲ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತದೆಂದು ನರೇಶನಿಗೆ ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ತಿಳಿಯಿತು.

“ರಜನಿ,” ಎಂದ ನರೇಶ, ಎಂದಿನ ಸೊಳ್ಳೆ ದನಿಯಲ್ಲಿ, “ಈ ಸೀರ್ಯಾಗ ನೀ ಭಾಳ ಛಂದ ಕಾಣ್ತಿ.”

ಅಡುಗೆಮನೆ ಸುಮ್ಮನಿತ್ತು. ಪಡಸಾಲೆಯೂ ಸುಮ್ಮನಿತ್ತು.

“ಜೋರಾಗಿ ಹೇಳ್ರಿ, ಯಾರಿದ್ದಾರ?” ಎಂದು ನಕ್ಕಳು ರಜನಿ. ನರೇಶ ಎಷ್ಟು ಜೋರಾಗಿ ಹೇಳಿದನೆಂದರೆ ಎದುರಿನ ಮನೆಯ ಮಾಳಿಗೆಯಿಂದ ಪಾರಿವಾಳಗಳು ಹಾರಿಹೋದವು.

ಆ ದಿನ ಅವನು ಹಿಟ್ಟು ನಾದಿದ, ಅವಳು ರೊಟ್ಟಿ ಬಡಿದಳು. ಅವಳು ಹೇಳಿದಳು, ಅವನು ಕೇಳಿದ. ಅವನು ಹೇಳಿದ, ಅವಳು ಅರ್ಧಕ್ಕೆ ತಡೆದು ತಾನೇ ಹೇಳಿದಳು. ಆರು ತಿಂಗಳಿಂದ ಕೂಡಿಟ್ಟ ಒಂದು ಜಗಳವನ್ನೂ ತೆಗೆದು ಆಡಿ ಮುಗಿಸಿದರು. ಅವನು ಬಡಿದ ರೊಟ್ಟಿಯೊಂದು ಥೇಟ್ ತೆಲಂಗಾಣದ ನಕಾಶೆಯಂತೆ ಬಂತು. ಅದನ್ನು ಇಬ್ಬರೂ ಮುರಿದು ತಿಂದರು. ಬೇವಿನ ಮರದ ನೆನಪು ಇಬ್ಬರಿಗೂ ಬರಲಿಲ್ಲ. ಸಂಜೆ ಕಾರು ತಿರುಗಿ ಬಂದು ಹನ್ನೊಂದು ಮಂದಿ ಒಬ್ಬರಿಂದೊಬ್ಬರು ಬಿಡಿಸಿಕೊಂಡು ಇಳಿಯುವಾಗ, ನಾರಾಯಣಖೇಡ ಇನ್ನೊಂದು ನೂರು ಮೈಲಿ ದೂರ ಇರಬಾರದಿತ್ತೇ ಎಂದು ನರೇಶನಿಗೆ ಅನಿಸಿತು.

ಮುಂದಿನ ಆಯ್ತವಾರ ಬೆಳಿಗ್ಗೆ ಜೈಪಾಲ ಭಾವ ಬಂದು, “ನರೇಶಾ, ಹೋದ ಸಲ ನಿನಗ ಅನ್ಯಾಯ ಆತು. ಇವತ್ತು ನೀನೇ ಹೊಡಿ, ನಾ ಮನ್ಯಾಗ ಇರ್ತೀನಿ” ಎಂದು ಕೀಲಿ ಚಾಚಿದ.

ನರೇಶ ಚಾದರದೊಳಗಿಂದ ನರಳಿದ. “ಆಗಲ್ಲ ಭಾವಾ. ಕೈ ಉಳುಕ್ಯಾದ.”

ತುಳಸಿರಾಮರು ಒಳಗೆ ಬಂದರು. “ಯಾವ ಕೈ?”

“ಬಲಗೈ” ಎಂದ ನರೇಶ.

“ಎಡಗೈ ರೀ ಮಾಮಾ” ಎಂದಳು ಅಡುಗೆಮನೆಯಿಂದ ರಜನಿ, ಅದೇ ಕ್ಷಣಕ್ಕೆ.

ಟಿಕೇಟಿಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಕಣ್ಣು ಅದು. ಮಗನ ಮುಖದ ಮೇಲೆ ನಿಂತಿತು, ಅಡುಗೆಮನೆಯ ಬಾಗಿಲಿನ ಮೇಲೆ ನಿಂತಿತು, ಮತ್ತೆ ಮಗನ ಕಡೆ ಬಂತು. ಮೀಸೆಯ ಅಡಿಯಲ್ಲಿ ಏನೋ ಅಲುಗಿತು.

“ಜೈಪಾಲಾ, ಇವನಿಗಿ ಎರಡೂ ಕೈ ಉಳುಕ್ಯಾವಂತ. ನೀನೇ ಹೊಡಿ ಗಾಡಿ” ಎಂದರು. ಹೊಸ್ತಿಲು ದಾಟಿದವರು ಒಮ್ಮೆ ತಿರುಗಿ ನಿಂತರು. “ಇವತ್ತು ನಾವು ಹದಿನಾಕು ಮಂದಿ ಆಗೀವಿ. ಅಷ್ಟು ರೊಟ್ಟಿಗಿ ಹಿಟ್ಟು ನಾದೂದ್ರಾಗ ಕೈ ತಾನೇ ನೆಟ್ಟಗಾಗ್ತಾವ, ನೀ ಏನೂ ಚಿಂತಿ ಮಾಡಬ್ಯಾಡ.”

ಹೊರಗೆ ಕಾರಿನ ಬೆನ್ನಿಗೆ ಎರಡು ಸಲ ಗುದ್ದಿದ ಸದ್ದಾಯಿತು.

“ರೈಟ್ ರೈಟ್!”