ಗೃಹಪ್ರವೇಶದ ಕಾರ್ಡಿಗೆ ಹಾಳು ಹಂಪಿ

ಮನುಷ್ಯನಿಗೆ ಏನಾದರೊಂದು ಹುಚ್ಚು ಇರಬೇಕು, ಆದರೆ ಅದು ಕಪಾಟಿನಿಂದ ಹೊರಗೆ ಬರಬಾರದು ಎಂದು ಈಗೀಗ ನನಗೆ ಅನಿಸುತ್ತಿದೆ. ನನ್ನದು ಅಂಚೆಚೀಟಿಯ ಹುಚ್ಚು. ಅದರಲ್ಲೂ ಹಕ್ಕಿ, ಹೂವು, ರೈಲು ನನಗೆ ಬೇಡ. ಮಾಡು ಹಾರಿಹೋದ ಗುಡಿ, ಮೂಗು ಮುರಿದ ಮೂರ್ತಿ, ಅರ್ಧ ಬಿದ್ದ ಕೋಟೆಬಾಗಿಲು, ಇಂಥವು ಬಂದರೆ ಚಿಕ್ಕೋಡಿಯ ಅಂಚೆ ಕಚೇರಿಯಿಂದ ಹಾಳೆಗಟ್ಟಲೆ ಕೊಂಡು ತರುತ್ತೇನೆ. "ಹಿತ್ತಲ ಗ್ವಾಡಿ ಬಿದ್ದು ಎರಡ ಮಳಿಗಾಲ ಆತು, ಅದನ್ನ ಕಣ್ಣೆತ್ತಿ ನೋಡಂಗಿಲ್ಲ. ಕಾಗದದಾಗ ಬಿದ್ದ ಗ್ವಾಡಿಗೆ ಭೂತಗನ್ನಡಿ ಹಿಡಕೊಂಡ ಕುಂಡರ್ತೀರಿ" ಎಂದು ನನ್ನ ಹೆಂಡತಿ ಅನ್ನುವುದುಂಟು. ಏನು ಮಾಡಲಿ, ನಮ್ಮ ಹಿತ್ತಲ ಗೋಡೆಯ ಸ್ಟಾಂಪನ್ನು ಸರಕಾರ ಇನ್ನೂ ತಂದಿಲ್ಲವಲ್ಲ!

ಮೊನ್ನೆ ರಾಯಬಾಗದಲ್ಲಿ ನನ್ನ ತಂಗಿ ಸುನಂದಾ ಹೊಸ ಮನೆ ಕಟ್ಟಿಸಿದಳು. ಮೊಬೈಲಿನಲ್ಲಿ ಕರೆದರೆ ನಮ್ಮ ಹಿರಿಯರು ಅದನ್ನು ಕರೆಯೆಂದೇ ಎಣಿಸುವುದಿಲ್ಲ. ಅರಿಷಿಣ-ಕುಂಕುಮ ಹಚ್ಚಿದ ಕಾರ್ಡು ಕೈಗೆ ಬರಬೇಕು. "ಪೋಸ್ಟಿನ ಕೆಲಸ ನನಗ ಬಿಡು" ಎಂದು ಎದೆ ಸೆಟೆಸಿದೆ. ಸಾದಾ ಚೀಟಿ ಯಾಕೆ, ನಮ್ಮವರೂ ಒಳ್ಳೆಯದೊಂದು ನೋಡಲಿ ಎಂದು, ಜೋಪಾನ ಮಾಡಿದ್ದ ಹಂಪಿಯ ಹಾಳೆಯನ್ನೇ ಬಿಡಿಸಿ ಲಕೋಟೆಗೊಂದು ಹಾಳುಗುಡಿ ಅಂಟಿಸಿದೆ.

ಕಾರ್ಡು ಮುಟ್ಟಿದ ದಿನವೇ ನಿಪ್ಪಾಣಿಯಿಂದ ಕಾಶೀಬಾಯಿ ಅತ್ತಿಯ ಫೋನು ಬಂತು. ಅಪ್ಪನ ಅಕ್ಕ, ನಮ್ಮ ಮನೆತನದಲ್ಲಿ ಈಗ ಆಕೆಯೇ ಹಿರಿಯಳು.

"ಯಾಕಲೇ, ಹೊಸಾ ಮನಿಗೆ ಕರದೀರೋ, ಬಿದ್ದ ಮನಿ ಮಾತಾಡಸಾಕ ಕರದೀರೋ?"

"ಅತ್ತಿ, ಅದು ಹಂಪಿ..."

"ಹಾಳ ಹಂಪಿ ಅಂತ ಮಂದಿ ಬೈತಾರ, ನೀ ಅದನ್ನ ತಂದು ಕುಂಕುಮದ ಬಾಜೂಕ ಹಚ್ಚೀದಿ! ಶಕುನ ಅಂಬೂದು ತಿಳೀತೈತೇನು ನಿನಗ? ನಾ ಬರಂಗಿಲ್ಲ, ಬಸ್!"

ಸುದ್ದಿ ಕೇಳಿ ಸುನಂದಾ ಅತ್ತೇಬಿಟ್ಟಳು. ಹೊಸ ಮನೆಯಲ್ಲಿ ಮೊದಲ ಹಾಲನ್ನು ತವರಿನ ಹಿರಿಯಳು ಉಕ್ಕಿಸುವುದು ನಮ್ಮಲ್ಲಿಯ ಪದ್ಧತಿ. "ಅವ್ವ ಅಂತೂ ಇಲ್ಲ. ಅತ್ತೀನೂ ಬರಲಿಲ್ಲಂದ್ರ ಒಲಿ ಮುಂದ ಯಾರನ್ನ ನಿಲ್ಲಸಲಿ ಅಣ್ಣಾ? ನಿನ್ನ ಸ್ಟಾಂಪನ್ನೇನು?"

ಮರುದಿನ ನಿಪ್ಪಾಣಿ ಬಸ್ಸು ಹತ್ತಿದೆ. ಅತ್ತಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನನ್ನು ನೋಡಿ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. ಸುಲಿಯುತ್ತಲೇ ಹೇಳಿದೆ: "ಅತ್ತಿ, ಆ ಚೀಟಿ ಮ್ಯಾಲಿನ ಗುಡಿ ಬಿದ್ದದ್ದಲ್ಲ, ಇಷ್ಟ ವರ್ಷ ಆದ್ರೂ ಉಳದದ್ದು."

ಆಕೆ ಗೂಡಿನಿಂದ ಲಕೋಟೆ ತೆಗೆದು ಕಣ್ಣ ಹತ್ತಿರ ಹಿಡಿದಳು. "ಮ್ಯಾಲ ಮಾಡ ಇಲ್ಲ, ಮುಂದ ಬಾಗಲಾ ಇಲ್ಲ. ಇಂಥಾದ್ರಾಗ ಹಾಲ ಇಟ್ರ ಉಕ್ಕೂದರಾಗ ಬೆಕ್ಕ ಕುಡದ ಹೋಗಿರತೈತಿ." ಚೀಟಿಯನ್ನು ಬೆರಳಿನಿಂದ ಸವರಿ, "ಊರು ಭಾಳ ದೊಡ್ಡದೈತೇನು?"

"ಭಾಳ ದೊಡ್ಡದಂತ."

"ಅಂತ ಅಂದ್ರ? ನೀ ನೋಡಿಲ್ಲೇನು?"

ನಾನು ಶೇಂಗಾ ಸುಲಿಯುವುದರಲ್ಲಿ ಬಹಳ ಮಗ್ನನಾದೆ.

ಅತ್ತಿ ಸೆರಗು ಬಾಯಿಗೆ ಹಿಡಿದು, ಕೆಮ್ಮು ಬರುವವರೆಗೆ ನಕ್ಕಳು. "ಹೋಗ, ಸುನಂದಾಗ ಬರತೇನಂತ ಹೇಳು. ತಾಯಿಲ್ಲದ ಕೂಸಿನ ಹಾಲು ನಾನಲ್ಲದ ಇನ್ಯಾರ ಉಕ್ಕಸ್ಬೇಕು? ನಿನ್ನ ಮಾರಿ ನೋಡಿ ಅಲ್ಲ ಮತ್ತ! ಆದ್ರ ಅಪಶಕುನ ಕಳೀಬೇಕಂದ್ರ ಆ ಗುಡಿ ಮುಂದ ಒಂದ ಕಾಯಿ ಒಡೀಬೇಕು. ಕರಕೊಂಡ ಹೋಗೂದು ನಿಂದು."

ಬಂದಳು. ಹಾಲು ಚೆಂದಾಗಿ ಪೂರ್ವಕ್ಕೆ ಉಕ್ಕಿತು. ಸುನಂದಾ ಮತ್ತೆ ಅತ್ತಳು, ಈ ಸಲ ನಗುತ್ತ. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಊಟದ ಪಂಕ್ತಿಯಲ್ಲಿ ಅತ್ತಿ ಕಾಯಿಯ ಸುದ್ದಿ ತೆಗೆದದ್ದೇ ತಡ, ಕಾರ್ಡು ಮುಟ್ಟಿದ ಹೆಣ್ಣುಮಕ್ಕಳೆಲ್ಲ ಆ ಅಪಶಕುನ ತಮಗೂ ತಟ್ಟಿದೆಯೆಂದು ನೆನಪಿಸಿಕೊಂಡರು.

ಈಗ ಒಂದು ಕ್ರೂಸರ್ ಜೀಪು ತುಂಬುವಷ್ಟು ಅತ್ತಿಯಂದಿರು, ಚಿಗವ್ವಂದಿರು ಖಡಕ್ ರೊಟ್ಟಿ ಬಡಿದು ತಯಾರಾಗಿದ್ದಾರೆ. "ಅಲ್ಲಿ ಎಲ್ಲಾ ನಿನಗ ಗೊತ್ತೈತೆಲ್ಲಪಾ?" ಎಂದು ಕೇಳಿದಾಗಲೆಲ್ಲ ತಲೆಯಾಡಿಸುತ್ತೇನೆ. ಗೊತ್ತಿಲ್ಲದೆ ಏನು? ಚೀಟಿಯ ಹಲ್ಲಿನಂಚಿನ ಒಳಗಿರುವುದೆಲ್ಲ ಗೊತ್ತು. ಅಂಚಿನಾಚೆ ಮುದುಕಿಯರು ಬುತ್ತಿ ಬಿಚ್ಚಲು ಎಲ್ಲಿ ನೆರಳಿದೆ, ಕಾಯಿ ಒಡೆದರೆ ಕಾವಲಿನವನು ಯಾರನ್ನು ಹಿಡಿದು ಬೈಯುತ್ತಾನೆ, ಇದನ್ನು ಮಾತ್ರ ಯಾವ ಚಿತ್ರದಲ್ಲೂ ಛಾಪಿಸಿಲ್ಲ.