ಮಾಲೂರಿನಲ್ಲಿ ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡದ್ದು

ಎಂಬತ್ತರ ದಶಕದ ಶುರುವಿನಲ್ಲಿ ನಾನು ಕೋಲಾರದ ಒಂದು ಚಿಕ್ಕ ತರಬೇತಿ ಕೇಂದ್ರದಲ್ಲಿ ಉದ್ಯೋಗ ಮಾರ್ಗದರ್ಶಕನಾಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ. ಕಣ್ಣು ಕಾಣದ, ಕಿವಿ ಕೇಳದ, ಕಾಲು ಸ್ವಾಧೀನವಿಲ್ಲದ ವಿದ್ಯಾರ್ಥಿಗಳು ನಮ್ಮಲ್ಲಿ ಕಸುಬು ಕಲಿತ ಮೇಲೆ ಅವರನ್ನು ಕಾರ್ಖಾನೆಗೋ ಅಂಗಡಿಗೋ ಕರೆದೊಯ್ದು, ಅಲ್ಲಿನವರನ್ನು ಒಪ್ಪಿಸಿ, ಕೆಲಸಕ್ಕೆ ಸೇರಿಸಿ ಬರುವುದು. ಒಪ್ಪಿಸುವ ಕಲೆ ನನಗೆ ದೇವರೇ ಕೊಟ್ಟದ್ದು ಎಂದು ನಾನು ಬಲವಾಗಿ ನಂಬಿದ್ದೆ. ನನ್ನ ಹೆಂಡತಿ ನಂಬಿರಲಿಲ್ಲ. ಅವಳಿಗೆ ಅನುಭವವಿತ್ತು.

ನಾಗವೇಣಿ ಆಂಧ್ರದ ಗಡಿಯ ರಾಯಲ್ಪಾಡಿನವಳು, ಮನೆಮಾತು ತೆಲುಗು. ಹುಟ್ಟಿನಿಂದ ಕಣ್ಣು ಕಾಣದು. ನಮ್ಮಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಕಲಿತಿದ್ದಳು. ಮಾಲೂರಿನ ಹತ್ತಿರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಆಪರೇಟರ್ ಜಾಗ ಖಾಲಿ ಇದೆಯೆಂದು ತಿಳಿದು ಅವಳನ್ನು ಕರೆದುಕೊಂಡು ಹೊರಟೆ. ಜೊತೆಗೆ ಅವಳ ತಂದೆ ನಾರಾಯಣಪ್ಪನವರೂ ಬಂದರು. ಅವರ ತೊಡೆಯ ಮೇಲೆ ಮಗಳ ಬಟ್ಟೆಯ ಪೆಟ್ಟಿಗೆ.

"ಆಯ್ತಾ, ಸರಿ ಸಾರ್. ಆಗ್ಲಿಲ್ಲಾ, ಇಂಗೇ ಊರ್ಗೆ ಕರ್ಕೊಂಡು ಹೋಗ್ತೀನಿ. ಮನೇಲಿರ್ತಾಳೆ. ಅನ್ನಕ್ಕೇನು ಕಮ್ಮಿ?" ಎಂದರು ಬಸ್ಸಿನಲ್ಲಿ.

"ಮೂಲೇಲಿ ಕೂತು ತಿನ್ನೋಕೆ ಇಷ್ಟು ದೂರ ಬಂದು ಕಲೀಬೇಕಿತ್ತಾ ನಾಯನಾ?" ಎಂದಳು ನಾಗವೇಣಿ ಅಪ್ಪನಿಗೆ.

"ಚಿಂತೆ ಬೇಡ, ನಾನಿದ್ದೀನಲ್ಲ" ಎಂದೆ ನಾನು.

ಕಾರ್ಖಾನೆಯ ಮ್ಯಾನೇಜರು ಸಭ್ಯ ಮನುಷ್ಯ. ಟೀ ತರಿಸಿದರು. ಆದರೆ ಅನುಮಾನ ಅವರ ಮುಖದಲ್ಲೇ ಇತ್ತು. "ಕಣ್ಣು ಕಾಣದೋರು ಈ ಟೆಲಿಫೋನ್ ಬೋರ್ಡು ಹೆಂಗ್ ನೋಡ್ಕೊಳ್ತಾರೆ ಸಾರ್?" ಎಂದು ಕೇಳಿದರು.

"ನಾನು ಮಾಡಿ ತೋರಿಸ್ತೀನಿ ಸಾರ್" ಎಂದು ನಾಗವೇಣಿ ಎದ್ದಳು.

"ಇರಮ್ಮ" ಎಂದೆ. ಅವಳು ಮಾಡಿದರೆ ಅವಳೊಬ್ಬಳ ಜಾಣತನ ಎಂದುಕೊಂಡಾರು. ಯಾರು ಬೇಕಾದರೂ ಮಾಡಬಹುದೆಂದು ವೈಜ್ಞಾನಿಕವಾಗಿ ಸಾಬೀತುಪಡಿಸುವುದು ನನ್ನ ಘನ ಉದ್ದೇಶ. ಜೇಬಿನಿಂದ ಕರವಸ್ತ್ರ ತೆಗೆದು ನನ್ನ ಕಣ್ಣಿಗೇ ಬಿಗಿಯಾಗಿ ಕಟ್ಟಿಕೊಂಡೆ.

ಬೋರ್ಡು ಎಂದರೆ ಸಾಲು ಸಾಲು ತೂತುಗಳು. ಕರೆ ಬಂದ ತೂತಿನ ಮೇಲೆ ಒಂದು ಚಿಕ್ಕ ಮುಚ್ಚಳ ಟಕ್ಕೆಂದು ಬೀಳುತ್ತದೆ. ವೈರಿನ ಒಂದು ತುದಿಯನ್ನು ಅಲ್ಲಿಗೂ ಇನ್ನೊಂದನ್ನು ಬೇಕಾದವರ ತೂತಿಗೂ ಸಿಕ್ಕಿಸಬೇಕು. ತರಗತಿಯಲ್ಲಿ ಇದನ್ನು ಕಲಿಸುವುದನ್ನು ನಾನು ಕಿಟಕಿಯಿಂದ ಬಹಳ ಸಲ ನೋಡಿದ್ದೆ. ಅದೇ ನನ್ನ ಅರ್ಹತೆ.

ಮೊದಲ ಹೆಜ್ಜೆಯಲ್ಲೇ ಸ್ಟೂಲು ಎಡವಿದೆ. ಹಿಡಿತಕ್ಕೆಂದು ಚಾಚಿದ ಕೈ ಟೀ ಲೋಟವನ್ನು ಮ್ಯಾನೇಜರ ಮಡಿಲಿಗೆ ವರ್ಗಾಯಿಸಿತು. "ಪರವಾಗಿಲ್ಲ" ಎಂದರು ಅವರು. ಬಿಸಿ ಟೀ ಬಿದ್ದವರ ದನಿಯಲ್ಲೇ ಎಂದರು.

ಅಷ್ಟರಲ್ಲಿ ಮುಚ್ಚಳ ಬಿತ್ತು. ಶ್ರೀನಿವಾಸಪುರದ ವ್ಯಾಪಾರಿಯೊಬ್ಬರು ಗೋಡೌನಿಗೆ ಲೈನು ಕೇಳಿದರು. ತಡವರಿಸಿ ಸಿಕ್ಕಿಸಿದೆ. ಅದು ಮ್ಯಾನೇಜರ ಮನೆಯ ತೂತು. ಕಳಿಸಿದ ಹೆಂಚೆಲ್ಲ ಒಡೆದಿವೆಯೆಂದು ವ್ಯಾಪಾರಿ ಮ್ಯಾನೇಜರ ಹೆಂಡತಿಯನ್ನು ತೆಲುಗಿನಲ್ಲಿ ತರಾಟೆಗೆ ತೆಗೆದುಕೊಂಡರು. ಆಕೆಯೂ ತೆಲುಗಿನಲ್ಲೇ ತಿರುಗಿಸಿ ಕೊಟ್ಟರು. ಇಬ್ಬರನ್ನೂ ಬಿಡಿಸೋಣವೆಂದು ಕೈಗೆ ಸಿಕ್ಕ ವೈರನ್ನು ಎಳೆದೆ.

ಜಗಳ ನಿಲ್ಲಲಿಲ್ಲ. ಪಕ್ಕದ ಮೇಜಿನಲ್ಲಿ ಗುಮಾಸ್ತರು ಮಾತ್ರ "ಹಲೋ, ಹಲೋ" ಎನ್ನತೊಡಗಿದರು. ಬೆಳಿಗ್ಗೆಯಿಂದ ಕಾದು ಆಗಷ್ಟೇ ಸಿಕ್ಕಿದ್ದ ಮದರಾಸಿನ ಟ್ರಂಕ್ ಕಾಲ್ ಅದು. ಲೈನಿನ ಆ ಕಡೆ ಇದ್ದವರು ಕಾರ್ಖಾನೆಯ ಮಾಲೀಕರು.

ನಾನು ಕರವಸ್ತ್ರ ಬಿಚ್ಚಿದೆ. ಬಿಚ್ಚದೇ ಇದ್ದಿದ್ದರೆ ಚೆನ್ನಾಗಿತ್ತು. ಮ್ಯಾನೇಜರು ಪ್ಯಾಂಟು ಒರೆಸಿಕೊಳ್ಳುತ್ತ, "ನೀವೇ ತೋರಿಸಿಕೊಟ್ರಿ ಸಾರ್. ಕಣ್ಣಿಲ್ದೆ ಇದು ಆಗೋ ಕೆಲಸ ಅಲ್ಲ" ಎಂದರು.

ನಾರಾಯಣಪ್ಪ ಪೆಟ್ಟಿಗೆ ಎತ್ತಿಕೊಂಡರು. "ಪದಮ್ಮಾ, ಹೊರಡಾನ. ಬಸ್ಸು ಹೋಗ್ಬಿಡ್ತದೆ" ಎಂದು ತೆಲುಗು ಬೆರೆಸಿ ಮಗಳನ್ನು ಕರೆದರು.

ನಾಗವೇಣಿ ಏಳಲಿಲ್ಲ. ಅವಳ ಕಿವಿ ಕೆಂಪಾಗಿತ್ತು. ಒಂದು ಕ್ಷಣ ಅತ್ತೇಬಿಡುತ್ತಾಳೆ ಎನಿಸಿತು. ಅತ್ತಿದ್ದರೆ ಒಳ್ಳೆಯದಿತ್ತು. ಅವಳು ಮಾತಾಡಿದಳು.

"ಸಾರ್, ಇವ್ರಿಗೆ ಕಣ್ಣು ಹೋಗಿ ಇನ್ನೂ ಕಾಲು ಗಂಟೇನೂ ಆಗಿಲ್ಲ. ನನಗೆ ಹುಟ್ಟಿದಾಗ್ಲಿಂದ ಇಲ್ಲ. ಇವ್ರು ಫೇಲಾದ್ರೆ ನನ್ನನ್ಯಾಕೆ ಫೇಲ್ ಮಾಡ್ತೀರಿ?"

ಮ್ಯಾನೇಜರು ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹೋಲಿಸಿ ನೋಡಿದರೆಂದು ಕಾಣುತ್ತದೆ. "ಕೂತ್ಕೊಳಮ್ಮ" ಎಂದರು.

ಅವಳು ಮೊದಲು ಯಾವ ತೂತು ಯಾರದೆಂದು ಗುಮಾಸ್ತರನ್ನು ಕೇಳಿ, ಸಾಲನ್ನು ಬೆರಳಿನಿಂದ ತಡವಿಕೊಂಡಳು. ನಾನು ಅದನ್ನು ಕೇಳಿರಲೇ ಇಲ್ಲ. ಎಕ್ಸ್‌ಚೇಂಜಿನವರನ್ನು ಅಕ್ಕಾ ಎಂದು ಮಾತಾಡಿಸಿ ಮದರಾಸಿಗೆ ಮತ್ತೆ ಬುಕ್ ಮಾಡಿಸಿದಳು. ಹೆಂಚು ಸುಡುವ ಭಟ್ಟಿಗೆ ಬಂದ ಕರೆಯೊಂದನ್ನು ತಪ್ಪಿ ಗೋಡೌನಿಗೆ ಕೊಟ್ಟಳು. ನಾನು ಸಹಾಯಕ್ಕೆ ಧಾವಿಸಿದೆ.

"ನೀವು ಕೈ ಹಾಕ್ಬೇಡಿ ಸಾರ್" ಎಂದು ಅವಳೇ ಸರಿಪಡಿಸಿದಳು. ಉಳಿದ ಕರೆಗಳೆಲ್ಲ ಸೇರಬೇಕಾದಲ್ಲಿಗೆ ಸೇರಿದವು. ಮದರಾಸೂ ಸಿಕ್ಕಿತು.

ಮಾಲೀಕರ ಹತ್ತಿರ ಮಾತಾಡಿ ಮುಗಿಸಿ ಬಂದ ಮ್ಯಾನೇಜರು, "ಒಂದು ತಿಂಗಳು ನೋಡೋಣ" ಎಂದರು. ನಾರಾಯಣಪ್ಪ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ಹತ್ತಿರದ ಲಕ್ಕೂರಿನಲ್ಲಿದ್ದ ನಾಗವೇಣಿಯ ಚಿಕ್ಕಮ್ಮನ ಮನೆಯಲ್ಲಿ ಅವಳು ಉಳಿಯುವುದೆಂದಾಯಿತು. ಮಗಳ ತಲೆ ಸವರಿ ಹೊರಬಂದವರು ಕಣ್ಣು ಒರೆಸಿಕೊಂಡು, "ಧೂಳು ಸಾರ್ ಇಲ್ಲಿ" ಎಂದರು. ಹೆಂಚಿನ ಕಾರ್ಖಾನೆ, ಧೂಳೂ ಇತ್ತು.

ತಿಂಗಳು ಕಳೆದು ಅವಳ ಕೆಲಸ ಕಾಯಂ ಆಯಿತೆಂದು ಸುದ್ದಿ ಬಂತು. ನಮ್ಮ ಕೇಂದ್ರದಲ್ಲಿ ಇನ್ನೊಬ್ಬ ವಿದ್ಯಾರ್ಥಿ ತಯಾರಾಗಿದ್ದ. ಉತ್ಸಾಹದಿಂದ ಆ ಕಾರ್ಖಾನೆಗೇ ಫೋನು ಮಾಡಿದೆ. ನಾಗವೇಣಿಯೇ ಎತ್ತಿಕೊಂಡಳು. ಕ್ಷೇಮಸಮಾಚಾರವಾದ ಮೇಲೆ ಆ ಹುಡುಗನ ವಿಷಯ ಹೇಳಿ, ಮ್ಯಾನೇಜರಿಗೆ ಲೈನು ಕೊಡಮ್ಮ ಎಂದೆ.

ಅವಳು, "ಸಾರ್, ಆ ಹುಡುಗನ್ನ ಕಳಿಸಿ, ನಿಮ್ಮಲ್ಲಿಂದ ಯಾರು ಬಂದ್ರೂ ನೋಡ್ತೀನಿ ಅಂದವ್ರೆ. ಆದ್ರೆ ನಿಮ್ ಫೋನ್ ಬಂದ್ರೆ ಮಾತ್ರ ಲೈನ್ ಕೊಡ್ಬೇಡ ಅಂತ ಹೇಳವ್ರೆ" ಎಂದಳು.

ನಾನು ಮಾತು ಹೊಂದಿಸಿಕೊಳ್ಳುವುದರೊಳಗೆ ಬಹಳ ವಿನಯದಿಂದ "ಕರೆ ಮಾಡಿದ್ದಕ್ಕೆ ವಂದನೆಗಳು ಸಾರ್" ಎಂದು ವೈರು ತೆಗೆದಳು. ಈ ಸಲ ಎಳೆದದ್ದು ಸರಿಯಾದ ವೈರನ್ನೇ.